ಅಜ್ಜಿ ಚಂದ್ರನನ್ನು ನೋಡಿ ಬಿತ್ತಲಿಲ್ಲ

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾದ ಮೇಲೆ ಬೇಸಾಯಗಾರರಲ್ಲದವರೂ ಹೊಲ ಕೊಳ್ಳಬಹುದು ಎಂದಾಯಿತು. ಅಲ್ಲಿಂದೀಚೆಗೆ ನಮ್ಮ ಕಡೆ, ಶಿರಾದ ಹುಲಿಕುಂಟೆ ಹೋಬಳಿಯಿಂದ ಹಿಡಿದು ಮಧುಗಿರಿ, ಕೊರಟಗೆರೆಯವರೆಗೂ, ಬದುವಿನ ಪಕ್ಕ ಬೆಂಗಳೂರಿನ ಕಾರು ನಿಲ್ಲುವುದು ಹೆಚ್ಚಾಗಿದೆ. ಒಂದೆರಡು ಎಕರೆ, ಒಂದು ತೋಟದ ಮನೆ, ನಾಲ್ಕು ನಾಟಿ ಕೋಳಿ, ಹಿರಿಯರಂತೆ ಬದುಕಬೇಕೆಂಬ ಆಸೆ. ಆಸೆಯಲ್ಲಿ ತಪ್ಪೇನಿಲ್ಲ. ಮೊಬೈಲಿನಲ್ಲಿ 'ಪೇಗನ್ ಗಾರ್ಡನಿಂಗ್' ವಿಡಿಯೊಗಳನ್ನು ನೋಡಿಕೊಂಡು ಬಂದ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಅಂಕಲ್, ನಿಮ್ಮಜ್ಜಿ ರಾಗಿ ಬಿತ್ತುತ್ತಿದ್ದುದು ಹುಣ್ಣಿಮೆಗಾ, ಅಮಾವಾಸ್ಯೆಗಾ?" ಪಕ್ಕದಲ್ಲಿದ್ದ ನಮ್ಮೂರ ಹುಡುಗ, ಕೃಷಿ ಡಿಪ್ಲೊಮಾ ಓದಿದವನು, "ಅವೆಲ್ಲ ಮೂಢನಂಬಿಕೆ ಮೇಡಂ" ಎಂದು ಬಾಯಿ ಮುಚ್ಚಿಸಿದ. ಇಬ್ಬರೂ ನನ್ನಜ್ಜಿಯನ್ನು ಅಪಾರ್ಥ ಮಾಡಿಕೊಂಡಿದ್ದರು. ಅಂದು ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ.

ತಪ್ಪು ಕಲ್ಪನೆ: ಹಿರಿಯರು ಚಂದ್ರನ ಗತಿ ನೋಡಿ ಬಿತ್ತುತ್ತಿದ್ದರು

ವಾಸ್ತವ: ನಮ್ಮ ಸೀಮೆಯ ಬಿತ್ತನೆ ನಡೆಯುತ್ತಿದ್ದುದು ಮಳೆ ನಕ್ಷತ್ರದ ಮೇಲೆ. ಮಳೆ ನಕ್ಷತ್ರವೆಂದರೆ ಸೂರ್ಯ ಆ ನಕ್ಷತ್ರದಲ್ಲಿ ಇರುವ ಕಾಲ, ಚಂದ್ರನ ಲೆಕ್ಕ ಅಲ್ಲಿಲ್ಲ. ಚಂದ್ರ ಒಂದೊಂದು ನಕ್ಷತ್ರವನ್ನು ಹೆಚ್ಚೂಕಡಿಮೆ ಒಂದು ದಿನದಲ್ಲಿ ದಾಟುತ್ತಾನೆ. ಸೂರ್ಯನಿಗೆ 13, 14 ದಿನ ಬೇಕು. ಆದ್ದರಿಂದಲೇ ಯುಗಾದಿ, ಗೌರಿ ಹಬ್ಬಗಳು ವರ್ಷವರ್ಷಕ್ಕೂ ಹಿಂದೆ ಮುಂದೆ ಜಾರಿದರೂ ಮೃಗಶಿರ ಮಾತ್ರ ಜೂನ್ 8ರ ಆಸುಪಾಸಿಗೇ ಹುಟ್ಟುತ್ತದೆ. ಆರಿದ್ರ ಜೂನ್ 22ಕ್ಕೆ, ಪುನರ್ವಸು ಜುಲೈ 6ಕ್ಕೆ, ಪುಷ್ಯ 20ಕ್ಕೆ. ಒಂದು ದಿನ ಅತ್ತಿತ್ತ, ಅಷ್ಟೇ. ಅಕ್ಷರ ಬಾರದ ನನ್ನಜ್ಜಿಗೆ ಜೂನ್, ಜುಲೈ ಗೊತ್ತಿರಲಿಲ್ಲ. ಆದರೆ ಅವಳ ಬಾಯಲ್ಲಿದ್ದುದು ಪಕ್ಕಾ ಸೌರಮಾನದ ಕ್ಯಾಲೆಂಡರು.

ಅದು ಇಲ್ಲಿಯ ಮಳೆಗೆ ಹೊಂದಿದ್ದೂ ಹೌದು. ಈ ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸು. ಮುಂಗಾರು ಪಡುವಣ ಘಟ್ಟದಲ್ಲೇ ಸುರಿದು ಖಾಲಿಯಾಗಿ ನಮ್ಮಲ್ಲಿಗೆ ಬರಿಗಾಳಿಯಾಗಿ ಬರುತ್ತದೆ. ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು, ಅಂದರೆ ಉತ್ತರೆ, ಹಸ್ತ, ಚಿತ್ತೆಯದು. ಹಾಗಾಗಿ ಭರಣಿಯಲ್ಲಿ ಹದವಾದರೆ ಉಳುಮೆ, ಮುಂಗಾರಿನ ಮೊದಲ ತೇವಕ್ಕೆ ತೊಗರಿ, ಪುನರ್ವಸು, ಪುಷ್ಯದಲ್ಲಿ ರಾಗಿ, ಉತ್ತರೆ ದಾಟಿದ ಮೇಲೆ ಉಳಿದ ಬೀಡಿಗೆ ಹುರುಳಿ. ರಾಗಿಯ ಕಾಳು ಹಾಲುದುಂಬುವ ಹೊತ್ತಿಗೆ ದೊಡ್ಡ ಮಳೆ ಸಿಗಬೇಕು ಎಂಬುದೇ ಈ ಲೆಕ್ಕದ ಗುಟ್ಟು.

ಈ ಲೆಕ್ಕಕ್ಕೂ ಮಿತಿಯುಂಟು. ಯಾವ ಮಳೆಗೆ ಏನು ಮಾಡಬೇಕು ಎಂದು ಅದು ಹೇಳುತ್ತದೆ, ಮಳೆ ಬಂದೇ ಬರುತ್ತದೆ ಎನ್ನುವುದಿಲ್ಲ. ಯುಗಾದಿಯಂದು ಪಂಚಾಂಗ ಓದಿ, ಈ ಮಳೆಗೆ ಕುದುರೆ ವಾಹನ, ಆ ಮಳೆಗೆ ಕಪ್ಪೆ ವಾಹನ ಎಂದು ಹೇಳುವ ಭವಿಷ್ಯವೇ ಬೇರೆ. ಅದನ್ನು ನಂಬಿ ನನ್ನಜ್ಜಿ ಒಂದು ಸೇರು ಬೀಜವನ್ನೂ ಮಣ್ಣಿಗೆ ಹಾಕಿದವಳಲ್ಲ. "ಓದೋರು ಓದ್ಲಿ, ನೆಲ ಅಗೆದು ನೋಡ್ಲಾ ಮಗ, ಗೇಣುದ್ದ ತೇವ ಐತಾ" ಎನ್ನುತ್ತಿದ್ದಳು. ಇನ್ನೊಂದು ಮಾತು. ನಕ್ಷತ್ರದ ದಿನಗಳು ಋತುವಿನ ಎದುರು ಸುಮಾರು 72 ವರ್ಷಕ್ಕೊಂದು ದಿನದಂತೆ ಸರಿಯುತ್ತಾ ಬಂದಿವೆ. ಉತ್ತರಾಯಣದ ಸೂರ್ಯ ಡಿಸೆಂಬರ್ 22ಕ್ಕೇ ತಿರುಗಿದರೂ ನಾವು ಸಂಕ್ರಾಂತಿ ಆಚರಿಸುವುದು ಜನವರಿ ನಡುವಿನಲ್ಲಲ್ಲವೇ? ಇದೂ ಅದೇ ಸರಿತ. ಒಂದು ತಲೆಮಾರಿನ ಬೇಸಾಯಕ್ಕೆ ಇದರಿಂದ ತೊಂದರೆಯಿಲ್ಲ. 'ಸಾವಿರಾರು ವರ್ಷಗಳಿಂದ ಒಂದಿಷ್ಟೂ ಬದಲಾಗದ ಜ್ಞಾನ' ಎನ್ನುವವರಿಗೆ ತೊಂದರೆ.

ಹಾಗಾದರೆ ಚಂದ್ರನ ಕ್ಯಾಲೆಂಡರು ಎಲ್ಲಿಂದ ಬಂತು? 1924ರಲ್ಲಿ ರುಡಾಲ್ಫ್ ಸ್ಟೈನರ್ ಕೊಟ್ಟ ಉಪನ್ಯಾಸಗಳಿಂದ ಬಯೋಡೈನಾಮಿಕ್ ಕೃಷಿ ಹುಟ್ಟಿತು. ಮುಂದೆ ಜರ್ಮನಿಯ ಮರಿಯಾ ಥುನ್ ಅದಕ್ಕೆ ಬಿತ್ತನೆಯ ಪಂಚಾಂಗ ಮಾಡಿದರು. ಇಂದು ನಮ್ಮ ತೋಟದ ಮನೆಗಳ ಗೋಡೆ ಮೇಲೆ ತೂಗುವುದು ಅದರ ಮರಿ. ಇಷ್ಟವಿದ್ದವರು ಮಾಡಲಿ, ಅಜ್ಜಿಯ ಹೆಸರು ಹೇಳುವುದು ಬೇಡ. ನಮ್ಮಲ್ಲಿ ಅಮಾವಾಸ್ಯೆಗೆ ಆರು ಕಟ್ಟುತ್ತಿರಲಿಲ್ಲ, ಸೋಮವಾರವೂ ಇಲ್ಲ. ಸೋಮವಾರ ಬಸವನ ವಾರ. ಅದು ಬೀಜದ ಶಾಸ್ತ್ರವಲ್ಲ, ಎತ್ತಿನ ರಜೆ.

ತಪ್ಪು ಕಲ್ಪನೆ: ಯೂರೋಪಿನ ಎಂಟು ಹಬ್ಬದ 'ವರ್ಷಚಕ್ರ' ಬಹಳ ಪ್ರಾಚೀನ, ನಮಗೂ ಹೊಂದುತ್ತದೆ

ವಾಸ್ತವ: 'ಪೇಗನ್' ಎಂಬ ಮಾತಿನ ಮೂಲ ಲ್ಯಾಟಿನ್. ಹಳ್ಳಿಗ ಎಂಬುದು ಅದರ ಹಳೆಯ ಅರ್ಥ. ಹಾಗೆ ನೋಡಿದರೆ ನಾವೂ ಪೇಗನ್ನರೇ, ಬೇಜಾರಿಲ್ಲ. ಆದರೆ ಎಂಟು ಹಬ್ಬಗಳನ್ನು ಒಂದು ಚಕ್ರವಾಗಿ ಪೋಣಿಸಿದ್ದು 1950ರ ದಶಕದಲ್ಲಿ, ಇಂಗ್ಲೆಂಡಿನಲ್ಲಿ, ಜೆರಾಲ್ಡ್ ಗಾರ್ಡ್ನರ್ ಮತ್ತು ಅವರ ಸುತ್ತಲಿನವರು. ಬಿಡಿ ಹಬ್ಬಗಳಲ್ಲಿ ಕೆಲವು ಹಳೆಯವು, ಸರಪಳಿ ಹೊಸದು. ಲಂಡನ್ನಿನಲ್ಲಿ ಬೇಸಿಗೆಯ ಹಗಲು ಹದಿನಾರೂವರೆ ಗಂಟೆ, ಚಳಿಗಾಲದ್ದು ಎಂಟು ಗಂಟೆಗೂ ಕಡಿಮೆ. ಅಲ್ಲಿಯವರು ಬೆಳಕಿಗೆ ಹಬ್ಬ ಮಾಡುವುದು ನ್ಯಾಯ. ಶಿರಾದಲ್ಲಿ ಅತಿ ದೊಡ್ಡ ಹಗಲು 13 ಗಂಟೆಯ ಹತ್ತಿರ, ಅತಿ ಚಿಕ್ಕದು ಹನ್ನೊಂದು ಕಾಲು ದಾಟುತ್ತದೆ. ನಮಗೆ ಬಿಸಿಲು ಯಾವಾಗಲೂ ಇದೆ, ಬೇಕಾದದ್ದು ನೀರು. ಪಾವಗಡದವರು ಆ ಬಿಸಿಲನ್ನೇ 2018ರಿಂದ ಸೋಲಾರ್ ಪಾರ್ಕಿನಲ್ಲಿ ಮಾರುತ್ತಿದ್ದಾರೆ!

ತಪ್ಪು ಕಲ್ಪನೆ: ಹಿರಿಯರ ಹಿತ್ತಲು, ಹೊಲದಲ್ಲಿ ಇದ್ದದ್ದೆಲ್ಲ ಅಪ್ಪಟ ದೇಸಿ

ವಾಸ್ತವ: ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಹುಚ್ಚೆಳ್ಳು ಇಥಿಯೋಪಿಯಾದ್ದು. ಅಲಸಂದೆ, ಹರಳು, ಕಡೆಗೆ ನಮ್ಮ ಊರೂರಿನ ಹುಣಸೆ ಕೂಡ ಆಫ್ರಿಕಾದಿಂದ ಬಂದವು. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಮೆಣಸಿನಕಾಯಿ, ಸೀಬೆ ಕೂಡ ಅಮೆರಿಕದ ಕಡೆಯಿಂದಲೇ ಬಂದವು. ಪರಂಗಿ ಹಣ್ಣಿನ ಹೆಸರೇ ಸಾಕ್ಷಿ ಹೇಳುತ್ತಿದೆ, ಪರಂಗಿಯವರು ತಂದದ್ದು ಎಂದು. ಇಲ್ಲಿಯದೇ ಎಂದು ಎದೆ ತಟ್ಟಿ ಹೇಳಬಹುದಾದವು ತೊಗರಿ, ಹುರುಳಿ, ಸಾಮೆಯಂಥವು. ಬಂದ ಬೀಜವನ್ನು ಹಿರಿಯರು ಜಾತಿ ಕೇಳದೆ ಬಿತ್ತಿ ನೋಡಿದರು. ಬರ ತಡೆದದ್ದನ್ನು ಇಟ್ಟುಕೊಂಡರು, ತಡೆಯದ್ದನ್ನು ಬಿಟ್ಟರು.

ರಾಗಿ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಮಾಡಿದ್ದೂ ಇದರ ಮುಂದುವರಿಕೆಯೇ. ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಅವರು ತೆಗೆದ ತಳಿಗಳೇ 'ಇಂಡಾಫ್'. ಹೆಸರಿನಲ್ಲೇ ಇಂಡಿಯಾವೂ ಇದೆ, ಆಫ್ರಿಕಾವೂ ಇದೆ. ಸಾವಿರಾರು ವರ್ಷದ ಹಿಂದೆ ಅಗಲಿದ ನೆಂಟರನ್ನು ಮತ್ತೆ ಒಂದೇ ಹೊಲದಲ್ಲಿ ಕೂರಿಸಿದ ಹಾಗೆ.

ತಪ್ಪು ಕಲ್ಪನೆ: ಅಕ್ಕಡಿ ಸಾಲು ಎಂದರೆ ಕೈಗೆ ಸಿಕ್ಕ ಬೀಜ ಬೆರೆಸಿ ಚೆಲ್ಲುವುದು

ವಾಸ್ತವ: ಇದನ್ನು ಕೇಳಿದರೆ ಕೂರಿಗೆ ಹಿಡಿದವರು ಯಾರೂ ಸುಮ್ಮನಿರುವುದಿಲ್ಲ. ಇಷ್ಟು ಸಾಲು ರಾಗಿಯಾದ ಮೇಲೆ ಒಂದು ಅಕ್ಕಡಿ ಸಾಲು ಎಂಬ ಲೆಕ್ಕ ಇತ್ತು. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ, ಮಡಿಲಲ್ಲಿ ಕಾಳು ಕಟ್ಟಿಕೊಂಡ ಹೆಂಗಸರು ತೊಗರಿ, ಅವರೆ, ಜೋಳ, ಅಲಸಂದೆಗಳನ್ನು ಅಳತೆಯಾಗಿ ಬಿಡುತ್ತಾ ಬರುತ್ತಿದ್ದರು. ಅಂಚಿಗೆ ಹುಚ್ಚೆಳ್ಳು, ಹರಳು. ದನ ಬಾಯಿ ಹಾಕದ ಗಿಡಗಳೇ ಬೇಲಿ. ಹುಚ್ಚೆಳ್ಳಿನ ಹಳದಿ ಹೂವಿಗೆ ಬರುವ ಜೇನು ಪಕ್ಕದ ತೊಗರಿ, ಅವರೆಯ ಹೂವಿಗೂ ಒಂದು ಸುತ್ತು ಹಾಕುತ್ತದೆ.

ಈ ಜೋಡಿಯ ಜಾಣತನ ನೆಲದ ಕೆಳಗಿದೆ. ರಾಗಿಯ ಬೇರು ಮೇಲುಮೇಲಿನ ತೇವ ಉಣ್ಣುತ್ತದೆ, ತೊಗರಿಯ ತಾಯಿಬೇರು ಆಳಕ್ಕಿಳಿಯುತ್ತದೆ. ಒಂದರ ಊಟಕ್ಕೆ ಇನ್ನೊಂದು ಕೈ ಹಾಕುವುದಿಲ್ಲ. ರಾಗಿ ಕೊಯ್ದ ಮೇಲೆ ಹೊಲ ತೊಗರಿಗೂ ಅವರೆಗೂ ಬಿಟ್ಟದ್ದು. ಮಾರ್ಗಶಿರದ ಇಬ್ಬನಿ ಕುಡಿದು ಅವರೆ ಹೂ ಬಿಟ್ಟಾಗ ಬರುವ ಸೊಗಡು ಗೊತ್ತಿಲ್ಲದವರಿಗೆ ಪದದಲ್ಲಿ ಹೇಳಲು ನನಗೆ ಬಾರದು. ಮಳೆ ರಾಗಿಗೆ ಕೈ ಕೊಟ್ಟರೆ ಜೋಳವೋ ಹುರುಳಿಯೋ ಒಂದಾದರೂ ಮನೆ ಸೇರುತ್ತಿತ್ತು. ಕೃಷಿ ವಿಶ್ವವಿದ್ಯಾಲಯವೂ ಇಂದು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ ಎಂದೇ ಶಿಫಾರಸು ಮಾಡುತ್ತದೆ.

ನಮ್ಮ ಡಿಪ್ಲೊಮಾ ಹುಡುಗನ ಪರವಾಗಿಯೂ ಒಂದು ಮಾತು ಹೇಳಬೇಕು. ಅಕ್ಕಡಿಗೆ ಆಳು ಬೇಕು. ಕೊಯ್ಲಿನ ಯಂತ್ರಕ್ಕೆ ಅದು ಹೊಂದುವುದಿಲ್ಲ, ಒಂದೊಂದು ಕಾಳಿಗೂ ಬೇರೆ ಬೇರೆ ದಿನ ಹೊಲಕ್ಕೆ ಹೋಗಬೇಕು. ಕಡಲೆಕಾಯಿ ನಮ್ಮ ತಾಲ್ಲೂಕುಗಳನ್ನು ಆವರಿಸಿದ್ದು ಜನ ದಡ್ಡರಾದದ್ದಕ್ಕಲ್ಲ, ಒಂದೇ ಸಲಕ್ಕೆ ಕೈಗೆ ಕಾಸು ಬಂದದ್ದಕ್ಕೆ. ವಾರಕ್ಕೆ ಎರಡು ದಿನ ಬಂದು ಹೋಗುವವರು ಹತ್ತು ಎಕರೆಗೆ ಅಕ್ಕಡಿ ಹಾಕುತ್ತೇನೆಂದರೆ ನಾನು ಬೇಡವೆನ್ನುತ್ತೇನೆ. ಕಾಲು ಎಕರೆಯಲ್ಲಿ ಶುರು ಮಾಡಿ.

ತಪ್ಪು ಕಲ್ಪನೆ: ನವರಾತ್ರಿಯ ನವಧಾನ್ಯ ಎಂದರೆ ಹಿರಿಯರ ಮೊಳಕೆ ಪರೀಕ್ಷೆ, ಪ್ರತಿ ಆಚರಣೆಯ ಹಿಂದೆಯೂ ವಿಜ್ಞಾನವಿದೆ

ವಾಸ್ತವ: ಭಾಷಣಕಾರರಿಗೆ ಬಹಳ ಇಷ್ಟವಾದ ವಾಕ್ಯ ಇದು. ಒಂದು ಕ್ಷಣ ಹೊಲದ ಕಡೆ ನೋಡಿ. ನವರಾತ್ರಿಯ ಹೊತ್ತಿಗೆ ರಾಗಿ ಹೊಲದಲ್ಲಿ ತೆನೆಯಾಗಿ ನಿಂತಿರುತ್ತದೆ, ಮುಂದಿನ ವರ್ಷದ ಬಿತ್ತನೆ ಬೀಜ ಇನ್ನೂ ಕೊಯ್ಲಿಗೇ ಬಂದಿರುವುದಿಲ್ಲ. ಹೋದ ವರ್ಷದ ಕಾಳು ಮೊಳೆತರೆಷ್ಟು, ಬಿಟ್ಟರೆಷ್ಟು? ಹಿಂಗಾರಿನ ಹುರುಳಿ, ಕಡಲೆಗೆ ಬೇಕಾದರೆ ಆ ಮಾತು ಸ್ವಲ್ಪ ಒಪ್ಪೀತು. ಅದೂ ಕಾಳು ಎಣಿಸಿ ಹಾಕಿ, ಮೊಳೆತದ್ದನ್ನು ಎಣಿಸಿದರೆ. ಎಣಿಸಿದವರನ್ನು ನಾನು ನೋಡಿಲ್ಲ. ನವಧಾನ್ಯ ಪೂಜೆ, ಹಸಿರು ಕಂಡ ಖುಷಿ. ಅಷ್ಟೇ ಇದ್ದರೆ ಅದಕ್ಕೇನು ಕಡಿಮೆ?

ಬೀಜ ಕಾಯುವ ನಿಜವಾದ ಜಾಣ್ಮೆ ಪೂಜೆಯ ಹೆಸರಿಲ್ಲದ ಕೆಲಸಗಳಲ್ಲಿ ಇತ್ತು. ತೊಗರಿ, ಅವರೆಗೆ ಕೆಮ್ಮಣ್ಣಿನ ಬಗ್ಗಡ ಬಳಿದು ಒಣಗಿಸುವುದು, ಹುಳ ಕೂತು ಮೊಟ್ಟೆಯಿಡಲು ಆಗದಂತೆ. ವಾಡೆಯಲ್ಲಿ ಕಾಳಿನ ಜತೆ ಬೂದಿ, ಬೇವಿನ ಸೊಪ್ಪು. ರಾಗಿಯನ್ನು ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಗಾಳಿ ತೀರಿ ಹುಳ ಬದುಕುವುದಿಲ್ಲ, ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಅದೇ ಗಾಳಿ ತೀರಿದ ಹಗೇವು ಮನುಷ್ಯನನ್ನೂ ಕೊಲ್ಲುತ್ತದೆ. ಬಾಯಿ ತೆಗೆದು ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಆ ದೀಪವನ್ನು ಯಾರಾದರೂ ಭೂತಾಯಿಗೆ ಆರತಿ ಎಂದರೆ ನಂಬಬೇಡಿ. ಜೀವ ಉಳಿಸಿಕೊಳ್ಳುವ ಉಪಾಯ ಅದು.

ವಿಜ್ಞಾನದ ಸರ್ಟಿಫಿಕೇಟ್ ಇಲ್ಲದೆಯೂ ಕೆಲಸ ಮಾಡುವ ನಂಬಿಕೆಗಳಿವೆ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ ನೋಡಿ. ಊರ ಮನೆಗಳ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಗೂಡಿರುವ ಮರದ ಹುಣಸೆಯ ಆಸೆಯನ್ನೇ ಊರವರು ಬಿಟ್ಟಿದ್ದಾರೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂಬುದು ಅವರ ಮಾತು. ಇದಕ್ಕೆ ಯಾವ ಪ್ರಯೋಗಾಲಯದ ಮುದ್ರೆ ಬೇಕು?

ತಪ್ಪು ಕಲ್ಪನೆ: ಹಿರಿಯರ ದಾರಿ ಹಿಡಿದ ಮೇಲೆ ಎಲ್ಲವನ್ನೂ ಉಳಿಸಿಕೊಳ್ಳಬೇಕು

ವಾಸ್ತವ: ಇಲ್ಲ. ಮಳೆ ಹೋದಾಗ ಮಕ್ಕಳು ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು ತಲೆ ಮೇಲೆ ಹೊತ್ತು ಮನೆಮನೆ ತಿರುಗುವುದು, ಬಾಗಿಲಲ್ಲಿ ನೀರು ಹುಯ್ಯಿಸಿಕೊಳ್ಳುವುದು ನನಗೆ ಇಷ್ಟ, ನಾನೂ ಹೊತ್ತವನು. ಮಳೆ ಅದರಿಂದ ಬಂದದ್ದು ಕಾಣೆ, ನೆಗಡಿ ಬಂದದ್ದುಂಟು. ಆದರೆ ಇದೇ ಬಯಲುಸೀಮೆಯಲ್ಲಿ, ತೊನ್ನು ಇದ್ದವರನ್ನು ಹೂತರೆ ಮಳೆ ಹೋಗುತ್ತದೆಂದು ಹೂತ ಹೆಣ ಅಗೆದು ಸುಟ್ಟ ಪದ್ಧತಿಯೂ ಇದೆ. ತೊನ್ನು ಎಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವುದು, ಅಂಟುಜಾಡ್ಯವೂ ಅಲ್ಲ. ಸತ್ತವರ ಮಕ್ಕಳ ಎದುರು ಸಮಾಧಿ ಅಗೆಯುವುದನ್ನು 'ಮಳೆಯ ಆಚರಣೆ' ಎಂದು ಪಟ್ಟಿ ಮಾಡುವವರಿಗೆ ನಾಚಿಕೆಯಾಗಬೇಕು.

ಕಾಡುಗೊಲ್ಲರ ವಿಷಯದಲ್ಲೂ ಎರಡೂ ಮುಖ ನೋಡಬೇಕು. ದನ ಕಾಯ್ದ ವೀರ ಜುಂಜಪ್ಪನ ಗುಡ್ಡೆ ಇರುವುದು ನಮ್ಮ ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ. ದನ, ಕಾವಲು, ಹುಲ್ಲು, ನೀರಿನ ಬಗ್ಗೆ ಆ ಸಮುದಾಯಕ್ಕೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಇಲ್ಲ. ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಇಡುವ ಪದ್ಧತಿಯೂ ಅದೇ ಸಮುದಾಯದಲ್ಲಿದೆ. 2023ರ ಮಳೆಗಾಲದಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೀಗೆ ಹೊರಗಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಮೊದಲನೆಯದನ್ನು ಕಲಿಯೋಣ. ಎರಡನೆಯದು ನಿಲ್ಲಲೇಬೇಕು, ಅದನ್ನು ನಿಲ್ಲಿಸಲು ಮುಂದಾದ ಆ ಹಟ್ಟಿಗಳ ಹೆಣ್ಣುಮಕ್ಕಳ ಜತೆ ನಿಲ್ಲಬೇಕು.

ತಪ್ಪು ಕಲ್ಪನೆ: ಗಂಗಮ್ಮನ ಪೂಜೆ ನಿಂತದ್ದಕ್ಕೆ ತಲಪರಿಗೆ ಬತ್ತಿದವು

ವಾಸ್ತವ: ತಲಪರಿಗೆ ಎಂಬ ಮಾತೇ ಹೊರಗಿನವರಿಗೆ ಹೊಸದು. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ, ಈ ನಾಲ್ಕು ತಾಲ್ಲೂಕುಗಳ ಮರಳು ನೆಲದ ಸೊತ್ತು ಅದು. ಮಳೆಯ ನೀರು ಮರಳಿನಲ್ಲಿ ಇಂಗಿ, ಕೆಳಗಿನ ಗಟ್ಟಿ ನೆಲದ ಮೇಲೆ ಮೆಲ್ಲಗೆ ಇಳಿಜಾರಿಗೆ ಹರಿದು, ತಗ್ಗು ಸಿಕ್ಕಲ್ಲಿ ತಾನಾಗಿ ಉಕ್ಕುತ್ತದೆ. ಅಲ್ಲಿ ಕೆಲವೇ ಅಡಿ ತೋಡಿ, ಸುತ್ತ ಕಲ್ಲು ಕಟ್ಟಿ, ಒಂದು ಕಡೆ ಕಾಲುವೆ ಬಿಡಿಸಿದರೆ ಏತವೂ ಬೇಡ, ಕಪಿಲೆಯೂ ಬೇಡ. ನೀರು ನಡೆದುಕೊಂಡು ಗದ್ದೆಗೆ ಹೋಗುತ್ತದೆ. 600 ಮಿ.ಮೀ. ಮಳೆಯ ಸೀಮೆಯಲ್ಲಿ ಭತ್ತದ ಗದ್ದೆ ಹೇಗೆ ಇತ್ತು ಎಂದು ಅಚ್ಚರಿಪಡುವವರಿಗೆ ಇದು ಉತ್ತರ. ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಊರೂರು ತಿರುಗಿ ಇವನ್ನು ದಾಖಲಿಸದೇ ಇದ್ದಿದ್ದರೆ ಹೆಸರೂ ಉಳಿಯುತ್ತಿರಲಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮೂರ ತಲಪರಿಗೆಯ ಪೂಜೆ ಹೀಗಿತ್ತು. ಬೇಸಿಗೆಯಲ್ಲಿ ಒಂದು ದಿನ ಮನೆಗೊಂದಾಳು ಸನಿಕೆ, ಮಂಕರಿ ಹಿಡಿದು ಬರಬೇಕು. ಹೂಳು ಎತ್ತಬೇಕು, ಜೊಂಡು ಕೀಳಬೇಕು, ಜಾರಿದ ಕಲ್ಲು ಕೂರಿಸಬೇಕು. ಬಾರದ ಮನೆಗೆ ತಪ್ಪು ಕಾಣಿಕೆ. ಇಳಿಹೊತ್ತಿಗೆ ಊಟೆ ಕಣ್ಣು ಬಿಟ್ಟು ತಿಳಿನೀರು ಬಂದ ಮೇಲೆ ಗಂಗಮ್ಮನಿಗೆ ಬಾಗಿನ, ತಂಬಿಟ್ಟು. ಪೂಜೆ ಹತ್ತು ನಿಮಿಷದ್ದು, ಕೆಲಸ ದಿನವಿಡೀ. ಯಾರೂ ತಪ್ಪಿಸಿಕೊಳ್ಳದಂತೆ ದೇವರ ಹೆಸರು ಹೇಳುತ್ತಿದ್ದರು, ಅಷ್ಟರ ಮಟ್ಟಿಗೆ ಗಂಗಮ್ಮ ಊರಿನ ಮೇಸ್ತ್ರಿ.

ತಲಪರಿಗೆ ಬತ್ತಿದ್ದು ಗಂಗಮ್ಮ ಮುನಿದದ್ದಕ್ಕಲ್ಲ. ಬೋರ್‌ವೆಲ್‌ಗಳು ಇನ್ನೂರು ಅಡಿಯಿಂದ ಸಾವಿರ ಅಡಿಗಿಳಿದವು, ಮೇಲಿನ ಪದರದ ನೀರು ಕೆಳಗಿಳಿಯಿತು. ಜಯಮಂಗಲಿ ಹೊಳೆಯ ಮರಳು ಲಾರಿ ಹತ್ತಿ ಪಟ್ಟಣಕ್ಕೆ ಹೋಯಿತು. ನೀರನ್ನು ಹಿಡಿದಿಡುತ್ತಿದ್ದ ಪಾತ್ರೆಯೇ ಮರಳು, ಪಾತ್ರೆ ಮಾರಿದ ಮೇಲೆ ನೀರೆಲ್ಲಿ ನಿಂತೀತು? ಈಗ ನಮ್ಮೂರಲ್ಲಿ ಪೂಜೆ ಮತ್ತೆ ಶುರುವಾಗಿದೆ, ಫ್ಲೆಕ್ಸ್ ಹಾಕಿ, ಮೈಕು ಕಟ್ಟಿ. ಸನಿಕೆ ಮಾತ್ರ ಯಾರ ಕೈಯಲ್ಲೂ ಕಾಣಲಿಲ್ಲ. ಒಣಗಿದ ಗುಂಡಿಗೆ ಬಾಗಿನ ಬಿಟ್ಟು, ಬಾಟಲಿ ನೀರು ಕುಡಿದು ಮನೆಗೆ ಹೋದೆವು. ನಾನೂ ಹೋದವನೇ.

ಆದರೂ ಎರಡು ವರ್ಷ ಚೆನ್ನಾಗಿ ಮಳೆ ಹೊಡೆದು ಕೆರೆ ತುಂಬಿದರೆ, ಹೂಳು ತೆಗೆದಿಟ್ಟ ತಲಪರಿಗೆಗಳಲ್ಲಿ ಮತ್ತೆ ನೀರು ಜಿನುಗುವುದನ್ನು ನಮ್ಮ ಕಡೆಯವರು ಕಂಡಿದ್ದಾರೆ. ಆದ್ದರಿಂದ ಜಮೀನು ಕೊಳ್ಳಲು ಬರುವವರಲ್ಲಿ ಒಂದು ಬೇಡಿಕೆ. ಬೇಲಿ ಹಾಕುವ ಮುಂಚೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೊಲ ಸುತ್ತಿ. ತಗ್ಗಿನಲ್ಲಿ ಜೊಂಡು ಬೆಳೆದ, ಕಲ್ಲು ಕುಸಿದ ಹಳೆಯ ಗುಂಡಿಯೊಂದು ಕಂಡರೆ ಜೆಸಿಬಿ ತಂದು ಮಟ್ಟ ಮಾಡಿಸಬೇಡಿ. ಅದು ಯಾರ ತಲಪರಿಗೆ, ಅದರ ಕಾಲುವೆ ಯಾರ ಹೊಲಕ್ಕೆ ಹೋಗುತ್ತಿತ್ತು ಎಂದು ಕೇಳಿ. ಬರುವ ಬೇಸಿಗೆಯಲ್ಲಿ ಸನಿಕೆ ಹಿಡಿದು ಬನ್ನಿ, ನಾವೂ ಬರುತ್ತೇವೆ. ತಂಬಿಟ್ಟು ನಮ್ಮ ಮನೆಯದು.